ಗುಳಿಗೆ ಮಾರಿ ಕುಷ್ಠರೋಗಿಗಳನ್ನು ಸಾಕಿದ ಪಾದ್ರಿ

ಮುತ್ತತ್ತಿ: ಹಲಗೂರು ದಾಟಿ ಕಾಡಿನ ದಾರಿ ಹಿಡಿದು ಮುತ್ತತ್ತಿಗೆ ಹೋಗುವ ಜನಕ್ಕೆ ಎರಡು ಸಂಗತಿ ಬಾಯಿಪಾಠ. ಒಂದು, ಸೀತಮ್ಮನ ಮುತ್ತಿನ ಮೂಗುತಿ ಕಾವೇರಿಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟು ಮುತ್ತತ್ತಿರಾಯ ಆದನಂತೆ ಎಂಬ ಕಥೆ. ಇನ್ನೊಂದು, ಆ ದೇವರ ಹೆಸರನ್ನೇ ಹೊತ್ತ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆಗಿ ಬೆಳ್ಳಿತೆರೆ ಆಳಿದ ಸಂಗತಿ. ದೇವರು, ಸಿನಿಮಾ ಎರಡೂ ಬೆರೆತ ಊರಿದು. ಅದಕ್ಕೇ ಇಲ್ಲಿಂದಲೇ ಒಂದು ಸಿನಿಮಾದ ಮಾತು ಎತ್ತಬಹುದು.

ಆ ಸಿನಿಮಾದಲ್ಲಿ ಫೈಟಿಂಗ್ ಇಲ್ಲ, ಡ್ಯೂಯೆಟ್ ಇಲ್ಲ. ಹೀರೋ ಒಬ್ಬ ಪಾದ್ರಿ. ಹೆಸರು ಡೇಮಿಯನ್. 1999ರಲ್ಲಿ ಪಾಲ್ ಕಾಕ್ಸ್ ಎಂಬ ನಿರ್ದೇಶಕರು ತೆಗೆದ ಮೊಲೊಕಾಯಿ ಎಂಬ ಚಿತ್ರ. ಹವಾಯಿ ದ್ವೀಪಗಳಲ್ಲಿ ಕುಷ್ಠ ಬಂದವರನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಹಾಕುತ್ತಿದ್ದರು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟ. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಬೆಲ್ಜಿಯಂ ದೇಶದ ಡೇಮಿಯನ್ 1873ರಲ್ಲಿ ತಾವಾಗಿಯೇ ಅಲ್ಲಿಗೆ ಹೋದರು. ಗಾಯ ತೊಳೆದರು, ಮನೆ ಕಟ್ಟಿದರು, ಸತ್ತವರಿಗೆ ಪೆಟ್ಟಿಗೆ ಮಾಡಿ ಮಣ್ಣು ಮಾಡಿದರು. 1884ರ ಕೊನೆಯಲ್ಲಿ ಒಂದು ದಿನ ಬಿಸಿನೀರಿಗೆ ಕಾಲಿಟ್ಟರೆ ಸುಡಲೇ ಇಲ್ಲ! ರೋಗ ಅವರಿಗೂ ಅಂಟಿತ್ತು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. 2009ರಲ್ಲಿ ರೋಮ್ ಅವರನ್ನು ಸಂತ ಎಂದು ಸಾರಿತು.

ಇಂಥ ಪುಣ್ಯಾತ್ಮನನ್ನು ನೋಡಲು ಹವಾಯಿಗೇ ಹೋಗಬೇಕೆ? ಬೇಡ. ಘಟ್ಟ ಇಳಿದು ಮಂಗಳೂರು ಬಸ್‌ನಲ್ಲಿ ಹೋಗಿ ಕಂಕನಾಡಿಯಲ್ಲಿ ಇಳಿದರೆ ಸಾಕು. ಫಾದರ್ ಮುಲ್ಲರ್ ಆಸ್ಪತ್ರೆ ಎಂದರೆ ಆಟೋದವರು ಅಡ್ರೆಸ್ ಕೇಳದೆ ತಂದು ಬಿಡುತ್ತಾರೆ. ಆದರೆ ಆ ಮುಲ್ಲರ್ ಯಾರು?

ಔಷಧದ ಪೆಟ್ಟಿಗೆ

ಆಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯಲ್ಲಿ. ಡೇಮಿಯನ್‌ಗಿಂತ ಒಂದೇ ವರ್ಷ ಚಿಕ್ಕವರು. ಜೆಸ್ವಿಟ್ ಪಂಗಡದ ಪಾದ್ರಿ. 1878ರ ಕೊನೆಗೆ ಇಟಲಿಯ ಜೆಸ್ವಿಟರ ತಂಡ ಮಂಗಳೂರಿಗೆ ಬಂದಿಳಿದಾಗ ಅವರ ಜೊತೆ ಬಂದ ಜರ್ಮನ್ನರು ಇವರು. ಬಂದ ಕೆಲಸ ಪಾಠ ಹೇಳುವುದು. ಆಗತಾನೆ ಶುರುವಾಗಿದ್ದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಮೇಷ್ಟ್ರಾದರು.

ಆದರೆ ಮೇಷ್ಟ್ರ ಹತ್ತಿರ ಪುಸ್ತಕದ ಜೊತೆ ಇನ್ನೊಂದು ವಸ್ತು ಇತ್ತು, ಹೋಮಿಯೋಪಥಿ ಔಷಧದ ಪೆಟ್ಟಿಗೆ. ಜ್ವರ, ಭೇದಿ ಅಂತ ಬಂದ ಹುಡುಗರಿಗೆ ಸಕ್ಕರೆ ಗುಳಿಗೆ ಕೊಡತೊಡಗಿದರು. ಹುಡುಗರು ಮನೆಯಲ್ಲಿ ಹೇಳಿದರು, ಮನೆಯವರು ಊರಿಗೆ ಹೇಳಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯವೇ ಶುರುವಾಯಿತು. ಮೊದಮೊದಲು ಒಂದು ಆಲದ ಮರದ ಕೆಳಗೆ ಕೂತು ಔಷಧ ಹಂಚುತ್ತಿದ್ದರು ಎಂದು ಮಂಗಳೂರಿನ ಜನ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಬಡವರಿಗೆ ಬಿಟ್ಟಿ ಔಷಧ ಸರಿ, ದುಡ್ಡು ಎಲ್ಲಿಂದ ಬರಬೇಕು? ಇಲ್ಲಿದೆ ನೋಡಿ ಅಂಗಡಿಯವರು ಮೆಚ್ಚುವ ಲೆಕ್ಕ. ಪಾದ್ರಿ ಹೊರದೇಶದಿಂದ ಔಷಧ ತರಿಸಿದರು, ಬಾಟಲಿಗೆ ತುಂಬಿಸಿದರು, ಅಂಚೆಯಲ್ಲಿ ಇಂಡಿಯಾ ದೇಶದ ಮೂಲೆಮೂಲೆಗೆ ಮಾರಿದರು. ಯಾವ ಖಾಯಿಲೆಗೆ ಯಾವ ಗುಳಿಗೆ ಎಂದು ತಿಳಿಸುವ ಪುಸ್ತಕವನ್ನೂ ಬರೆದು ಅಚ್ಚು ಹಾಕಿಸಿದರು. ಕೊಳ್ಳುವ ಶಕ್ತಿ ಇದ್ದವರು ಕಾಸು ಕೊಟ್ಟು ಕೊಂಡರು. ಆ ಲಾಭ ಬಂದದ್ದು ಬಂದ ಹಾಗೆ ಇಲ್ಲದವರ ಕಡೆಗೆ ಹರಿಯಿತು. ಒಂದು ಕೈಲಿ ವ್ಯಾಪಾರ, ಇನ್ನೊಂದು ಕೈಲಿ ಧರ್ಮ.

ಯಾರಿಗೂ ಬೇಡವಾದವರು

ಕುಷ್ಠ ಬಂದವರು ಔಷಧಾಲಯದ ಬಾಗಿಲಿಗೂ ಬಂದರು. ಬೇರೆ ರೋಗಿಗಳು ಔಷಧ ತಗೊಂಡು ಮನೆಗೆ ಹೋಗ್ತಿದ್ದರು. ಇವರು ಹೋಗುವುದೆಲ್ಲಿಗೆ? ಮನೆಯವರೇ ಹೊರಗೆ ಹಾಕಿದ್ದರು. ಊರಿನ ಬಾವಿ ಇಲ್ಲ, ಜಗಲಿ ಇಲ್ಲ. ಬರೀ ಗುಳಿಗೆ ಕೊಟ್ಟು ಕಳಿಸಿದರೆ ಏನು ಬಂತು? 1890ರಲ್ಲಿ, ಅಂದರೆ ಡೇಮಿಯನ್ ಸತ್ತ ಮರುವರ್ಷ, ಮುಲ್ಲರ್ ಕಂಕನಾಡಿಯಲ್ಲೇ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯ ತೆರೆದರು.

ಒಂದು ಮಾತು ನೇರ ಹೇಳಬೇಕು. ಕುಷ್ಠವನ್ನು ವಾಸಿ ಮಾಡುವ ಔಷಧ ಆ ಕಾಲದಲ್ಲಿ ಜಗತ್ತಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮುಲ್ಲರ್ ಹತ್ತಿರವೂ ಇರಲಿಲ್ಲ. ಅವರ ಗುಳಿಗೆ ರೋಗವನ್ನು ಸೋಲಿಸಲಿಲ್ಲ. ಅವರು ಕೊಟ್ಟದ್ದು ಸೂರು, ಹೊಟ್ಟೆಗೆ ಅನ್ನ, ಹುಣ್ಣಿಗೆ ಬಟ್ಟೆ, ಸಾಯುವಾಗ ಪಕ್ಕದಲ್ಲಿ ಒಬ್ಬ ಮನುಷ್ಯ. ಬೀದಿಯಲ್ಲಿ ಸಾಯಬೇಕಿದ್ದವರಿಗೆ ಇದು ಕಡಿಮೆ ಭಾಗ್ಯವಲ್ಲ.

ಆಗಿನ ಸರ್ಕಾರ ಏನು ಮಾಡುತ್ತಿತ್ತು? 1898ರಲ್ಲಿ ಬ್ರಿಟಿಷರು ಕುಷ್ಠರೋಗಿಗಳ ಕಾಯಿದೆ ತಂದರು. ಭಿಕ್ಷೆ ಬೇಡುವ ರೋಗಿಯನ್ನು ಹಿಡಿದು ಕೂಡಿಹಾಕಬಹುದು. ತಿಂಡಿ ತೀರ್ಥ ಮಾಡಿ ಮಾರದಂತೆ, ಊರ ಬಾವಿ ಕೆರೆಯಲ್ಲಿ ನೀರು ಮುಟ್ಟದಂತೆ, ಬಾಡಿಗೆ ಗಾಡಿ ಹತ್ತದಂತೆ ಅವರನ್ನು ತಡೆಯಬಹುದು. ಅಂಗಡಿ ಇಡುವಂತಿಲ್ಲ, ಗಾಡಿ ಹತ್ತುವಂತಿಲ್ಲ ಅಂದರೆ ಬದುಕುವುದು ಹೇಗೆ? ಈ ಕಾಯಿದೆಯನ್ನು ಪಾರ್ಲಿಮೆಂಟು ಪೂರ್ತಿ ತೆಗೆದುಹಾಕಿದ್ದು 2016ರಲ್ಲಿ!

ಪ್ಲೇಗು, ಪದಕ, ಮರಣ

ಹೊಸ ಶತಮಾನ ಬಂತು. 1898ರಲ್ಲಿ ಮೈಸೂರು ಸೀಮೆಗೆ ನುಗ್ಗಿದ್ದ ಪ್ಲೇಗು 1902ರ ಸುಮಾರಿಗೆ ಮಂಗಳೂರಿನಲ್ಲೂ ಕಾಣಿಸಿತು. ಇಲಿ ಬಿದ್ದರೆ ಊರಿಗೆ ಊರೇ ಗುಡಿಸಲು ಹಾಕಿಕೊಂಡು ಹೊಲಕ್ಕೆ ಹೋದ ಕಥೆ ಮಂಡ್ಯದ ಮುತ್ತಜ್ಜಿಯರಿಂದ ಕೇಳಿದವರು ಇನ್ನೂ ಇದ್ದಾರೆ. ಊರವರು ಓಡುವಾಗ ಮುಲ್ಲರ್ ಪ್ಲೇಗಿನವರಿಗೂ ಒಂದು ಆಸ್ಪತ್ರೆ ಮಾಡಿದರು. 1907ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟು ಗೌರವಿಸಿತು.

1910ರ ನವೆಂಬರ್ 1ರಂದು ಮುಲ್ಲರ್ ತೀರಿಕೊಂಡರು. ಕುಷ್ಠರೋಗಿಗಳ ನಡುವೆ 20 ವರ್ಷ ಓಡಾಡಿ 69ರವರೆಗೆ ಬದುಕಿದರು. ಆಗ ಮಂಗಳೂರು ಮದ್ರಾಸಿನವರದು, ಮಂಡ್ಯ ಮೈಸೂರು ಮಹಾರಾಜರದು. 46 ವರ್ಷದ ನಂತರ ಅದೇ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಹಾಗಾಗಿ ರಾಜ್ಯೋತ್ಸವದ ದಿನ ಬಾವುಟ ಹಾರಿಸುವಾಗ ಈ ಪರದೇಶಿ ಪಾದ್ರಿಯನ್ನೂ ಒಮ್ಮೆ ನೆನೆದರೆ ತಪ್ಪಿಲ್ಲ. ಪೆಟ್ಟಿಗೆ ಔಷಧದಿಂದ ಹುಟ್ಟಿದ ಅವರ ಸಂಸ್ಥೆ ಈಗ ದೊಡ್ಡ ಆಸ್ಪತ್ರೆ. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಮೆಡಿಕಲ್ ಕಾಲೇಜು ಆಯಿತು.

ಈಗ ಔಷಧ ಇದೆ, ಭಯ ಹೋಗಿಲ್ಲ

ಮುಲ್ಲರ್ ಕೈಲಿ ಇಲ್ಲದ ಔಷಧ ಇವತ್ತು ನಮ್ಮ ಕೈಲಿದೆ. ಡೇಮಿಯನ್ ಮೊಲೊಕಾಯಿಗೆ ಹೋದ 1873ರಲ್ಲೇ ನಾರ್ವೆಯ ಡಾಕ್ಟರ್ ಹ್ಯಾನ್ಸೆನ್ ರೋಗದ ಕ್ರಿಮಿಯನ್ನು ಕಂಡುಹಿಡಿದಿದ್ದರು. ಶಾಪವೂ ಅಲ್ಲ, ಪೂರ್ವಜನ್ಮದ ಪಾಪವೂ ಅಲ್ಲ, ಬರೀ ಒಂದು ಕ್ರಿಮಿ. 1980ರ ದಶಕದಿಂದ ಎರಡು ಮೂರು ಮಾತ್ರೆ ಸೇರಿಸಿ ಕೊಡುವ ಚಿಕಿತ್ಸೆ ಬಂದಿದೆ. ಮಚ್ಚೆ ಕಡಿಮೆ ಇದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ನುಂಗಿದರೆ ವಾಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆ ಇಲ್ಲ. ಮಾತ್ರೆ ಶುರುಮಾಡಿದ ಕೆಲವೇ ದಿನದಲ್ಲಿ ಇನ್ನೊಬ್ಬರಿಗೆ ಅಂಟುವುದು ನಿಲ್ಲುತ್ತದೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ಮೈಗೆ ಈ ರೋಗ ಅಂಟುವುದೇ ಇಲ್ಲ.

ಆದರೂ ಜನ ಬಚ್ಚಿಡುತ್ತಾರೆ. ಮದುವೆ ನಿಲ್ಲುತ್ತೆ, ಅಂಗಡಿಗೆ ಗಿರಾಕಿ ಬರಲ್ಲ, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗ್ತಾರೆ ಎಂಬ ಭಯ. ಬಚ್ಚಿಟ್ಟಷ್ಟೂ ನರ ಸಾಯುತ್ತದೆ, ಬೆರಳು ಮುದುರುತ್ತದೆ. ಹೋದ ಬೆರಳನ್ನು ಯಾವ ಮಾತ್ರೆಯೂ ವಾಪಸ್ ತರಲ್ಲ.

ಗುರುತು ಸುಲಭ. ಮೈಮೇಲೆ ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ, ಮುಟ್ಟಿದರೆ ಗೊತ್ತಾಗಲ್ಲ, ಚುಚ್ಚಿದರೆ ನೋಯಲ್ಲ. ತೊನ್ನು ಬೇರೆ, ಕುಷ್ಠ ಬೇರೆ; ತೊನ್ನಿನ ಜಾಗಕ್ಕೆ ಸ್ಪರ್ಶ ಇದ್ದೇ ಇರುತ್ತದೆ, ಅದು ಅಂಟುವುದೂ ಇಲ್ಲ. ಡೇಮಿಯನ್‌ಗೆ ಬಿಸಿನೀರು ಹೇಳಿದ್ದೂ ಇದೇ ಗುಟ್ಟು. ಅವರ ಕಾಲದಲ್ಲಿ ವಾಸಿ ಮಾಡುವ ಮದ್ದು ಇರಲಿಲ್ಲ. ಹಲಗೂರು, ಮಳವಳ್ಳಿ ಕಡೆಯವರಿಗೆ ಸರ್ಕಾರಿ ಆಸ್ಪತ್ರೆ ಒಂದು ಬಸ್ ಚಾರ್ಜಿನ ದೂರದಲ್ಲಿದೆ. ಮುತ್ತತ್ತಿರಾಯನಿಗೆ ಹರಕೆ ಹೊರುವವರು ಧಾರಾಳವಾಗಿ ಹೊರಲಿ. ಬರುವ ದಾರಿಯಲ್ಲಿ ಒಂದು ಸ್ಟಾಪ್ ಇಳಿದು ಡಾಕ್ಟರಿಗೂ ತೋರಿಸಲಿ.