ಹೆಣ್ಣುಮಕ್ಕಳ ಓದಿಗಾಗಿ ಕಡಲಾಚೆ ಜೋಳಿಗೆ ಹಿಡಿದ ವೀರಚಂದ್ ಗಾಂಧಿ

1893ರ ಶಿಕಾಗೋ ಸರ್ವಧರ್ಮ ಸಮ್ಮೇಳನ ಎಂದೊಡನೆ ನಮಗೆ ನೆನಪಾಗುವುದು ಸ್ವಾಮಿ ವಿವೇಕಾನಂದರು. ಅದೇ ವೇದಿಕೆಯಲ್ಲಿ ಜೈನಧರ್ಮದ ಪರವಾಗಿ ಮಾತನಾಡಿದ ವೀರಚಂದ್ ರಾಘವ್‌ಜಿ ಗಾಂಧಿಯವರ ಹೆಸರು ಜೈನ ಮನೆಗಳಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿರುವವರೂ ಅವರನ್ನು ಪ್ರವಚನಕಾರರೆಂದು ಮಾತ್ರ ಬಲ್ಲರು. ಭಾರತದ ಹೆಣ್ಣುಮಕ್ಕಳನ್ನು ಓದಿಸಲು ಅವರು ಅಮೆರಿಕದಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದರು ಎಂಬುದು ಆ ಬದುಕಿನ ಹೆಚ್ಚು ತಿಳಿಯದ ಭಾಗ.

ವೀರಚಂದ್ ಹುಟ್ಟಿದ್ದು 1864ರ ಆಗಸ್ಟ್ 25ರಂದು, ಸೌರಾಷ್ಟ್ರದ ಭಾವನಗರ ಸೀಮೆಯ ಮಹುವಾ ಎಂಬ ಕಡಲತೀರದ ಊರಿನಲ್ಲಿ. ಶ್ವೇತಾಂಬರ ಮನೆತನ. ತಂದೆ ರಾಘವ್‌ಜಿ ತೇಜ್‌ಪಾಲ್ ಆಭರಣ ವ್ಯಾಪಾರಿ. ಮಗನನ್ನು ಅಂಗಡಿಗೆ ಕೂರಿಸುವ ಬದಲು ಭಾವನಗರದ ಶಾಲೆಗೆ ಕಳುಹಿಸಿದರು. 1880ರಲ್ಲಿ ಹುಡುಗ ಮೆಟ್ರಿಕ್ಯುಲೇಷನ್ ಮುಗಿಸಿ ವಿದ್ಯಾರ್ಥಿವೇತನ ಪಡೆದ. ಮುಂದೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿ 1884ರಲ್ಲಿ ಬಿ.ಎ. ಪದವೀಧರನಾದ. ವಿದ್ಯಾರ್ಥಿವೇತನ ಎಂಬುದು ಒಬ್ಬನ ಬದುಕನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದನ್ನು ಅವರು ಸ್ವಂತ ಅನುಭವದಿಂದಲೇ ಬಲ್ಲವರು.

ಮರುವರ್ಷವೇ, 21ನೆಯ ವಯಸ್ಸಿನಲ್ಲಿ, ಜೈನ್ ಅಸೋಸಿಯೇಷನ್ ಆಫ್ ಇಂಡಿಯಾದ ಗೌರವ ಕಾರ್ಯದರ್ಶಿಯಾದರು. ಆಗ ಸಮಾಜದ ಮುಂದಿದ್ದ ದೊಡ್ಡ ತಕರಾರು ಶತ್ರುಂಜಯ ಯಾತ್ರಿಕರ ಮೇಲೆ ಪಾಲಿತಾಣದ ಠಾಕೂರರು ಹಾಕಿದ್ದ ತೆರಿಗೆ. ವೀರಚಂದ್ ಬ್ರಿಟಿಷ್ ಅಧಿಕಾರಿಗಳ ಬಳಿ ಓಡಾಡಿ, ಪ್ರತಿ ಯಾತ್ರಿಕನಿಂದ ವಸೂಲಿ ಮಾಡುವುದರ ಬದಲು ವರ್ಷಕ್ಕೆ 15,000 ರೂಪಾಯಿ ಇಡಿಗಂಟಾಗಿ ಕೊಡುವ ಒಪ್ಪಂದವನ್ನು 1886ರಲ್ಲಿ ಮಾಡಿಸಿದರು. ಅದು 40 ವರ್ಷಗಳ ಒಪ್ಪಂದ. ಕೆಲವು ವರ್ಷಗಳ ನಂತರ ಸಮ್ಮೇದ ಶಿಖರ್ಜಿಯ ಬಳಿ ಆಂಗ್ಲನೊಬ್ಬ ಹಂದಿಯ ಕೊಬ್ಬು ತೆಗೆಯುವ ಕಾರ್ಖಾನೆ ಹಾಕಿದಾಗ, ದಾಖಲೆಗಳನ್ನು ತಾವೇ ಓದಲೆಂದು ಕಲ್ಕತ್ತೆಯಲ್ಲಿ ಉಳಿದು ಬಂಗಾಳಿ ಕಲಿತರು. ಕಾರ್ಖಾನೆ ಮುಚ್ಚಿಸಿಯೇ ಮರಳಿದರು.

ಇವೆಲ್ಲ ಸಮಾಜ ಮೆಚ್ಚಿದ ಕೆಲಸಗಳು. ಮೆಚ್ಚದ ಕೆಲಸ ಮಾಡುವ ಧೈರ್ಯವೂ ಅವರಿಗಿತ್ತು. 1890ರಲ್ಲಿ ತಂದೆ ತೀರಿಕೊಂಡಾಗ, ಮನೆಯ ಹೆಂಗಸರು ಎದೆ ಬಡಿದುಕೊಂಡು ಗೋಳಾಡಬೇಕೆಂಬ ಅಲ್ಲಿಯ ರೂಢಿಯನ್ನು ತಮ್ಮ ಮನೆಯಲ್ಲಿ ನಿಲ್ಲಿಸಿಬಿಟ್ಟರು. 26 ವರ್ಷದ ಮಗ, ಸತ್ತವರು ಸ್ವಂತ ತಂದೆ. ಊರಿನವರ ಬಾಯಿಗೆ ಬೀಳುವುದು ಸಣ್ಣ ಮಾತಾಗಿರಲಿಲ್ಲ.

ಆ ಕಾಲದ ಸ್ತ್ರೀಶಿಕ್ಷಣದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೋಡಬೇಕು. 1901ರ ಜನಗಣತಿಯ ಪ್ರಕಾರ ಭಾರತದಲ್ಲಿ ಸಾವಿರ ಹೆಂಗಸರಲ್ಲಿ ಓದುಬರಹ ಬಲ್ಲವರು ಸುಮಾರು 7 ಮಂದಿ. ಜೈನರಲ್ಲಿ ಗಂಡಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಕ್ಷರಸ್ಥರು, ಹೆಂಗಸರಲ್ಲಿ ನೂರಕ್ಕೆ ಸುಮಾರು ಇಬ್ಬರು. ವ್ಯಾಪಾರದ ಸಮಾಜ, ಲೆಕ್ಕಪತ್ರ ಬೇಕು, ಆದ್ದರಿಂದ ಗಂಡುಮಕ್ಕಳು ಕಲಿತರು. ಆದಿನಾಥ ತೀರ್ಥಂಕರರು ಲಿಪಿಯನ್ನು ಮೊದಲು ಕಲಿಸಿದ್ದು ಮಗಳು ಬ್ರಾಹ್ಮಿಗೆ, ಅಂಕಿಯನ್ನು ಕಲಿಸಿದ್ದು ಸುಂದರಿಗೆ ಎಂದು ಪುರಾಣ ಓದಿಸಿ ಕೇಳುವ ಮನೆಗಳಲ್ಲೇ ಈ ಅಂತರ ಇತ್ತು.

1893ರ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ಆಚಾರ್ಯ ವಿಜಯಾನಂದ ಸೂರಿ ಅವರಿಗೆ. ಆತ್ಮಾರಾಮ್‌ಜಿ ಮಹಾರಾಜ್ ಎಂದೇ ಅವರು ಪ್ರಸಿದ್ಧರು. ಮುನಿಗಳು ಹಡಗು ಹತ್ತುವಂತಿಲ್ಲ. ಹಾಗಾಗಿ ತಮ್ಮ ಬದಲು ವೀರಚಂದರನ್ನು ಆರಿಸಿ, ತಮ್ಮ ಬಳಿಯೇ ಇರಿಸಿಕೊಂಡು ಶಾಸ್ತ್ರಾಧ್ಯಯನ ಮಾಡಿಸಿ ಕಳುಹಿಸಿದರು. ಶ್ರಾವಕನೇ ಆದರೂ ಕಡಲು ದಾಟುವುದು ಕೂಡದು ಎಂಬ ವಿರೋಧ ಸಮಾಜದೊಳಗೆ ಬಲವಾಗಿ ಎದ್ದಿತು. ಹೋದವರು ಹಿಂತಿರುಗಿದ ಮೇಲೂ ಸಂಘದಿಂದ ಹೊರಹಾಕಬೇಕೆಂದು ಒತ್ತಾಯಿಸಿದವರಿದ್ದರು. ಆಚಾರ್ಯರು ಮಾತ್ರ ಶಿಷ್ಯನ ಬೆನ್ನಿಗೆ ನಿಂತರು. ವೀರಚಂದ್ ಪರದೇಶದಲ್ಲಿ ಸಸ್ಯಾಹಾರ ಬಿಟ್ಟವರಲ್ಲ, ತಲೆಗೆ ಕಾಠಿಯಾವಾಡಿ ಪೇಟ, ಮೈಮೇಲೆ ಉದ್ದನೆಯ ನಿಲುವಂಗಿ, ಹೆಗಲ ಮೇಲೆ ಶಾಲು, ಆ ವೇಷವನ್ನೂ ಬಿಡಲಿಲ್ಲ.

ಸಮ್ಮೇಳನದಲ್ಲಿ ಲಂಡನ್ನಿನ ಪಾದ್ರಿ ಪೆಂಟೆಕಾಸ್ಟ್ ಎಂಬವರು ಹಿಂದೂ ದೇವಸ್ಥಾನಗಳ ದೇವದಾಸಿಯರನ್ನು ಮುಂದಿಟ್ಟುಕೊಂಡು ಭಾರತದ ನೀತಿಯನ್ನೇ ಹೀಗಳೆದರು. ಆ ಮಾತು ಜೈನರ ಮೇಲೆ ಬಂದದ್ದಲ್ಲ, ವೀರಚಂದ್ ಸುಮ್ಮನಿರಬಹುದಿತ್ತು. ಅವರು ಎದ್ದು ನಿಂತು, ತಮ್ಮ ಸಮುದಾಯದ ಮೇಲೆ ಆಕ್ಷೇಪ ಬಂದಿಲ್ಲ ಎಂಬುದನ್ನು ಮೊದಲೇ ತಿಳಿಸಿ, ಹಿಂದೂ ಸಮಾಜದ ಪರವಾಗಿ ಉತ್ತರ ಕೊಟ್ಟರು.

ಆದರೆ ವೇದಿಕೆಯ ಮೇಲೆ ಮಾನ ಕಾಪಾಡಿದರೆ ಊರಿನಲ್ಲಿರುವ ಹುಡುಗಿಗೆ ಅಕ್ಷರ ಬರುವುದಿಲ್ಲ. ಭಾರತದ ಹೆಂಗಸರ ಸ್ಥಿತಿ ಅಮೆರಿಕನ್ನರಿಗೆ ಹೊಸ ವಿಷಯವಾಗಿರಲಿಲ್ಲ. ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ಓದಿ 1886ರಲ್ಲಿ ವೈದ್ಯರಾಗಿದ್ದರು. ಪಂಡಿತಾ ರಮಾಬಾಯಿ ಅಮೆರಿಕದ ಊರೂರು ಸುತ್ತಿ ಸಂಗ್ರಹಿಸಿದ ನೆರವಿನಿಂದ 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. ಹಣ ಕೊಡುವ ಮನಸ್ಸಿನವರು ಅಲ್ಲಿದ್ದರು. ತೊಡಕು ಬೇರೆ ಕಡೆ ಇತ್ತು. ರಮಾಬಾಯಿ ಕ್ರೈಸ್ತಧರ್ಮ ಸೇರಿದ್ದವರು. ಪುಣೆಗೆ ಸ್ಥಳಾಂತರಗೊಂಡಿದ್ದ ಸದನದಲ್ಲಿ ಹುಡುಗಿಯರು ಮತಾಂತರದತ್ತ ವಾಲುತ್ತಿದ್ದಾರೆಂದು 1893ರಲ್ಲೇ ದೊಡ್ಡ ಗಲಾಟೆಯಾಗಿ, ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಹಿಂದಕ್ಕೆ ಕರೆಸಿಕೊಂಡರು. ರಮಾಬಾಯಿಯವರ ಸೇವೆಯನ್ನು ಕಡಿಮೆ ಎನ್ನುವಂತಿಲ್ಲ. ಆದರೂ ಓದಿಸಿದರೆ ಧರ್ಮ ಹೋಗುತ್ತದೆ ಎಂಬ ಭಯಕ್ಕೆ ಸಂಪ್ರದಾಯಸ್ಥ ಮನೆಗಳಲ್ಲಿ ಇದರಿಂದ ಇನ್ನಷ್ಟು ಬಲ ಬಂತು. ಹೆಣ್ಣುಮಕ್ಕಳನ್ನು ಮನೆಯಲ್ಲೇ ಕೂರಿಸುವವರಿಗೆ ಅದೊಂದು ಒಳ್ಳೆಯ ನೆಪ.

ವೀರಚಂದ್ ಶಿಕಾಗೋದಲ್ಲಿ ಕಟ್ಟಿದ ಸಂಸ್ಥೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಭಾರತೀಯ ಮಹಿಳೆಯರ ಶಿಕ್ಷಣಕ್ಕಾಗಿ ಅಂತರರಾಷ್ಟ್ರೀಯ ಸಂಘ ಎಂಬ ಅರ್ಥದ ಹೆಸರು ಅದಕ್ಕೆ. ಅವರಿಗೆ ಆತಿಥ್ಯ ನೀಡಿದ ಹೋವರ್ಡ್ ಕುಟುಂಬದ ಗೃಹಿಣಿಯೇ ಅದರ ಕಾರ್ಯದರ್ಶಿ. ಈ ಮಹಿಳೆ ವೀರಚಂದರ ಮಾತು ಕೇಳಿ ಮಾಂಸಾಹಾರ ಬಿಟ್ಟು, ಕ್ರಮವಾಗಿ ಸಾಮಾಯಿಕಕ್ಕೆ ಕೂರುವುದನ್ನೂ ರೂಢಿಸಿಕೊಂಡಿದ್ದರು. ಭಾರತದಿಂದ ಯುವತಿಯರನ್ನು ಕರೆಸಿ ಅಮೆರಿಕದಲ್ಲಿ ಓದಿಸುವುದು ಸಂಘದ ಉದ್ದೇಶ. ಕೊಡುವವರು ಅಮೆರಿಕನ್ನರು, ಬೇಡಿದವರು ಜೈನ ಶ್ರಾವಕ. ಓದುವವಳು ತನ್ನ ಧರ್ಮ ಬಿಡಬೇಕಾಗಿಲ್ಲ. ಈ ಸಂಘದ ನೆರವಿನಿಂದ ಕೆಲವು ಭಾರತೀಯ ಮಹಿಳೆಯರು ಅಮೆರಿಕಕ್ಕೆ ಬಂದು ವಿದ್ಯಾಭ್ಯಾಸ ಮಾಡಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಗಂಡಸು ಕಡಲು ದಾಟಿದ್ದಕ್ಕೇ ಬಹಿಷ್ಕಾರದ ಮಾತೆತ್ತಿದ ಕಾಲದಲ್ಲಿ ಇದು ಆಯಿತು.

ಶಿಕಾಗೋ, ಬೋಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ಎಂದು ಸುತ್ತಿ ಅವರು ಕೊಟ್ಟ ಉಪನ್ಯಾಸಗಳು ಅಮೆರಿಕ, ಇಂಗ್ಲೆಂಡ್ ಎಲ್ಲ ಸೇರಿ 500ಕ್ಕೂ ಹೆಚ್ಚು. ವಿಷಯ ಕರ್ಮ ಸಿದ್ಧಾಂತ, ಯೋಗ, ಸಸ್ಯಾಹಾರ, ಭಾರತದ ಬದುಕು. ಮುಂಬೈಯಲ್ಲಿ ಸಾಲಿಸಿಟರ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಅವರು ಯುವ ಬ್ಯಾರಿಸ್ಟರ್ ಮೋಹನದಾಸ ಗಾಂಧಿಯವರ ಸ್ನೇಹಿತರು. ಮಹಾತ್ಮರ ಆತ್ಮಕಥೆಯಲ್ಲಿ ಅವರ ಹೆಸರು ಬರುತ್ತದೆ.

1895ರಲ್ಲಿ ಊರಿಗೆ ಮರಳಿ, ಅಮೆರಿಕನ್ನರು ಮತ್ತೆ ಕರೆದಾಗ 1896ರಲ್ಲಿ ಎರಡನೆಯ ಬಾರಿ ಹೊರಟರು. ಈ ಸಲ ಪತ್ನಿ ಜೀವಿಬೆನ್ ಮತ್ತು ಮಗ ಮೋಹನ್ ಜತೆಗಿದ್ದರು. ಹೆಂಗಸರ ಓದಿನ ಬಗ್ಗೆ ಹೊರಗೆ ಮಾತನಾಡುತ್ತ ಮನೆಯವರನ್ನು ಹೊಸ್ತಿಲೊಳಗೆ ಇಟ್ಟವರು ಆ ಕಾಲದ ಸುಧಾರಕರಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ವೀರಚಂದ್ ಪತ್ನಿಯನ್ನೂ ಕರೆದುಕೊಂಡೇ ಕಡಲು ದಾಟಿದರು.

ಅಷ್ಟರಲ್ಲಿ ಭಾರತದಲ್ಲಿ ಭೀಕರ ಬರ. ವೀರಚಂದ್ ಶಿಕಾಗೋದಲ್ಲಿ ಪರಿಹಾರ ಸಮಿತಿ ರಚಿಸಿದರು. ಸರ್ವಧರ್ಮ ಸಮ್ಮೇಳನದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಬಾನಿ ಅದಕ್ಕೂ ಅಧ್ಯಕ್ಷರು. ಒಂದು ಹಡಗು ತುಂಬ ಧಾನ್ಯ ಮತ್ತು ಸುಮಾರು 40,000 ರೂಪಾಯಿ ಭಾರತಕ್ಕೆ ಬಂತು. ಆಹಾರದಾನ, ಶಾಸ್ತ್ರದಾನ ಎರಡನ್ನೂ ಒಬ್ಬನೇ ಶ್ರಾವಕ ಪರದೇಶದಲ್ಲಿ ನಿಂತು ಮಾಡಿಸಿದ.

ಅವರದ್ದೇ ಆಸ್ತಿಪಾಸ್ತಿ ಇಂಥ ದಾನಕ್ಕೆ ಸಾಲುವಷ್ಟಿರಲಿಲ್ಲ. ನಮ್ಮಲ್ಲಿ ದಾನಿ ಎಂದರೆ ಬಸದಿಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರೇ ಕಣ್ಣಿಗೆ ಬೀಳುತ್ತಾರೆ. ಕೊಡಿಸಿದವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ವೀರಚಂದ್ ಈ ಎರಡನೆಯ ಸಾಲಿನವರು. ಕೈಯಲ್ಲಿದ್ದ ಸಂಪತ್ತು ಮಾತು, ಪಾಂಡಿತ್ಯ, ಜನ ಇಟ್ಟ ನಂಬಿಕೆ. ವಕೀಲಿಯಲ್ಲಿ ನೆಲೆಯೂರಿ ಹಣ ಮಾಡುವ ವಯಸ್ಸನ್ನು ಸಂಘದ ಕೆಲಸಕ್ಕೆ ಕೊಟ್ಟರು, ಪದೇ ಪದೇ ಸಮುದ್ರಯಾನ ಮಾಡಿದರು, ಆರೋಗ್ಯ ಕೆಟ್ಟಿತು. ಇಂಗ್ಲೆಂಡಿನಿಂದ ಕೊನೆಯ ಬಾರಿ ಮರಳಿದ ಸ್ವಲ್ಪ ಕಾಲದಲ್ಲೇ, 1901ರ ಆಗಸ್ಟ್ 7ರಂದು ತೀರಿಕೊಂಡರು. 37 ತುಂಬಲು ಇನ್ನೂ 18 ದಿನ ಬಾಕಿ ಇತ್ತು.

ಲಂಡನ್ನಿನಲ್ಲಿ ಅವರಿಂದ ಜೈನಧರ್ಮ ಕಲಿತ ಹರ್ಬರ್ಟ್ ವಾರನ್, ಆ ಪಾಠದ ಟಿಪ್ಪಣಿಗಳನ್ನು ಆಧರಿಸಿ 1912ರಲ್ಲಿ ಪುಸ್ತಕ ಹೊರತಂದರು. ಮಹುವಾದಲ್ಲಿ, ಶಿಕಾಗೋದ ಜೈನ ಮಂದಿರದ ಆವರಣದಲ್ಲಿ ವೀರಚಂದರ ಪ್ರತಿಮೆಗಳಿವೆ. 2002ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು, ಪೇಟ ಸುತ್ತಿದ ಅದೇ ಚಿತ್ರ. ಈಗ ಮಗಳನ್ನು ಹೊರದೇಶಕ್ಕೆ ಓದಲು ಕಳುಹಿಸುವ ಜೈನ ಮನೆ, ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ಜನ ಏನೆನ್ನುತ್ತಾರೋ ಎಂದು ಯೋಚಿಸುವುದಿಲ್ಲ. ಹೆಚ್ಚೆಂದರೆ ಅಲ್ಲಿ ಊಟಕ್ಕೆ ಏನು ಮಾಡುತ್ತಾಳೋ ಎಂದು ತಾಯಿ ಕೇಳಬಹುದು.