ವಿ. ಸುಬ್ರಹ್ಮಣ್ಯನ್ (ಆಹಾರ ವಿಜ್ಞಾನಿ)

ಡಾ. ವೈದ್ಯನಾಥ ಸುಬ್ರಹ್ಮಣ್ಯನ್ (1902–1979) ಭಾರತದ ಪ್ರಸಿದ್ಧ ಜೀವರಸಾಯನ ವಿಜ್ಞಾನಿ ಮತ್ತು ಆಹಾರ ತಂತ್ರಜ್ಞರು. ಸಿಎಫ್‌ಟಿಆರ್‌ಐ ಎಂದೇ ಜನಜನಿತವಾಗಿರುವ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರು. ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿಯನ್ನು ತಯಾರಿಸುವ ವಿಧಾನ, ನೆಲಗಡಲೆ ಮತ್ತು ಕಡಲೆ ಹಿಟ್ಟುಗಳ ಮಿಶ್ರಣವಾದ ಬಹೂಪಯೋಗಿ ಆಹಾರ, ಮರಗೆಣಸಿನ ಹಿಟ್ಟನ್ನು ಬಳಸಿದ ಆಹಾರಗಳು ಅವರ ನೇತೃತ್ವದಲ್ಲಿ ರೂಪುಗೊಂಡವು. ತಾಯಿಯ ಹಾಲು ಕುಡಿಯುತ್ತಿರುವ ಮಗುವಿಗೆ ಯಾವ ಹೊತ್ತಿನಲ್ಲಿ, ಯಾವ ಆಹಾರವನ್ನು, ಎಷ್ಟು ಕೊಡಬೇಕು ಎಂಬ ಪ್ರಶ್ನೆಯನ್ನು ಭಾರತದ ಬಡ ಮನೆಗಳ ದೃಷ್ಟಿಯಿಂದ ಪ್ರಯೋಗಾಲಯಕ್ಕೆ ತಂದವರಲ್ಲಿ ಅವರೂ ಒಬ್ಬರು.

ಆರಂಭದ ಸಂಶೋಧನೆಗಳು

ಸುಬ್ರಹ್ಮಣ್ಯನ್ ಅವರ ಮೊದಲ ಆಸಕ್ತಿ ಆಹಾರವಲ್ಲ, ಮಣ್ಣು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ ನೀರು ನಿಂತ ಮಣ್ಣಿನ ಜೀವರಸಾಯನ ಕ್ರಿಯೆಗಳನ್ನು ಅಭ್ಯಸಿಸಿ, 1927ರಿಂದ ಆ ಕುರಿತ ಪ್ರಬಂಧಗಳನ್ನು ಪ್ರಕಟಿಸಿದರು. ಭತ್ತದ ಗದ್ದೆಯ ಮಣ್ಣಿನಲ್ಲಿ ಸಾರಜನಕಕ್ಕೆ ಏನಾಗುತ್ತದೆ ಎಂಬುದನ್ನು ಅರಿಯಲು ಆ ಬರಹಗಳು ನೆರವಾದವು.

ಭಾರತಕ್ಕೆ ಮರಳಿದ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಪ್ರಾಧ್ಯಾಪಕರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಕೊರತೆ, ಪಡಿತರ, ಬಂಗಾಳದ ಕ್ಷಾಮ ಇವೆಲ್ಲ ಸೇರಿ ವಿಜ್ಞಾನಿಗಳ ಗಮನವನ್ನು ಅನ್ನದ ಕಡೆಗೆ ತಿರುಗಿಸಿದವು. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿ ಎಸ್.ಎಸ್. ಡೇ ಸೋಯಾ ಅವರೆಯಿಂದ ಹಾಲಿನಂಥ ದ್ರವವನ್ನು ತಯಾರಿಸಿ ಅದರ ಪೋಷಕ ಮೌಲ್ಯವನ್ನು ಪರೀಕ್ಷಿಸಿದರು. ಈ ಕೆಲಸದಲ್ಲಿ ಜೊತೆಯಾಗಿದ್ದ ಯುವ ಸಂಶೋಧಕರಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್ ಒಬ್ಬರು. ಆ ಹೆಸರು ಈ ಲೇಖನದಲ್ಲಿ ಮುಂದೆ ಮತ್ತೊಮ್ಮೆ ಬರುತ್ತದೆ.

ಮೈಸೂರಿನ ಸಂಸ್ಥೆ

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು ಆಹಾರ ಸಂಶೋಧನೆಗೆಂದೇ ಒಂದು ರಾಷ್ಟ್ರೀಯ ಪ್ರಯೋಗಾಲಯವನ್ನು ಸ್ಥಾಪಿಸಲು ನಿರ್ಧರಿಸಿದಾಗ, ರಾಜಮನೆತನಕ್ಕೆ ಸೇರಿದ್ದ ಮೈಸೂರಿನ ಚೆಲುವಾಂಬ ಮಹಲು ಅದಕ್ಕೆ ನೆಲೆಯಾಯಿತು. 1950ರ ಅಕ್ಟೋಬರಿನಲ್ಲಿ ಸಂಸ್ಥೆ ಆರಂಭವಾಯಿತು. ಇದೇ ಹೆಸರಿನ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯೂ ಮೈಸೂರಿನಲ್ಲಿದ್ದು, ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆಯ ಬಾಣಂತಿಯರು ಚೆಲುವಾಂಬ ಎಂದರೆ ಆಸ್ಪತ್ರೆಯನ್ನೇ ನೆನೆಯುತ್ತಾರೆ. ಒಂದೇ ಹೆಸರಿನ ಎರಡು ಕಟ್ಟಡಗಳೂ ಶಿಶುಗಳ ಆರೈಕೆಯೊಂದಿಗೆ ನಂಟು ಪಡೆದದ್ದು ಆಕಸ್ಮಿಕವಾದರೂ ಸ್ವಾರಸ್ಯಕರ.

ಸುಬ್ರಹ್ಮಣ್ಯನ್ ಸಂಸ್ಥೆಯ ಕೆಲಸಕ್ಕೆ ಕೊಟ್ಟ ದಿಕ್ಕು ಸ್ಪಷ್ಟವಾಗಿತ್ತು: ದೇಶದಲ್ಲಿ ಬೆಳೆಯುವ, ಅಗ್ಗವಾಗಿ ಸಿಗುವ ಪದಾರ್ಥಗಳಿಂದಲೇ ಪುಷ್ಟಿಕರ ಆಹಾರವನ್ನು ಮಾಡಬೇಕು. ಮುಕ್ಕಾಲು ಪಾಲು ಮರಗೆಣಸಿನ ಹಿಟ್ಟು ಮತ್ತು ಕಾಲು ಪಾಲು ನೆಲಗಡಲೆ ಹಿಟ್ಟು ಬೆರೆತ ಮಿಶ್ರಣವು ಮೈಸೂರು ಹಿಟ್ಟು ಎಂಬ ಹೆಸರು ಪಡೆಯಿತು. ಎಣ್ಣೆ ತೆಗೆದ ನೆಲಗಡಲೆಯ ಹಿಟ್ಟು ಶೇ. 75, ಕಡಲೆ ಹಿಟ್ಟು ಶೇ. 25 ಸೇರಿಸಿ, ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಕೂಡಿಸಿದ ಪುಡಿಯೇ ಬಹೂಪಯೋಗಿ ಆಹಾರ. ಇದರಲ್ಲಿ ಸುಮಾರು ಶೇ. 40ಕ್ಕೂ ಮಿಗಿಲಾದ ಪ್ರೋಟೀನ್ ಇತ್ತು. ಸಾರು, ಪಲ್ಯ, ರೊಟ್ಟಿ ಯಾವುದಕ್ಕಾದರೂ ಒಂದೆರಡು ಚಮಚ ಬೆರೆಸಬಹುದಾಗಿತ್ತು. ಆದರೆ 1960ರ ಸುಮಾರಿಗೆ ಬೂಷ್ಟು ಹಿಡಿದ ನೆಲಗಡಲೆಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇಂಗ್ಲೆಂಡಿನಲ್ಲಿ ಪತ್ತೆಯಾದ ಮೇಲೆ, ಮಕ್ಕಳ ಆಹಾರದಲ್ಲಿ ನೆಲಗಡಲೆ ಹಿಟ್ಟನ್ನು ಬಳಸುವ ಎಲ್ಲ ಯೋಜನೆಗಳೂ ಹೆಚ್ಚಿನ ಎಚ್ಚರಿಕೆಯಿಂದ ನಡೆಯಬೇಕಾಯಿತು.

ಎಮ್ಮೆಯ ಹಾಲಿನ ಶಿಶು ಆಹಾರ

ಸುಬ್ರಹ್ಮಣ್ಯನ್ ಅವರ ಹೆಸರನ್ನು ಹೆಚ್ಚು ಪ್ರಚಾರಕ್ಕೆ ತಂದದ್ದು ಈ ಸಂಶೋಧನೆ. 1950ರ ದಶಕದಲ್ಲಿ ತಾಯಿಯ ಹಾಲು ದೊರೆಯದ ಶಿಶುಗಳಿಗೆ ಡಬ್ಬಿಯ ಹಾಲುಪುಡಿ ವಿದೇಶದಿಂದಲೇ ಬರಬೇಕಿತ್ತು. ಅದೆಲ್ಲವೂ ಹಸುವಿನ ಹಾಲಿನದು. ಭಾರತದಲ್ಲಿ ಹೇರಳವಾಗಿ ಸಿಗುತ್ತಿದ್ದುದು ಎಮ್ಮೆಯ ಹಾಲು. ಅದರಿಂದ ಶಿಶು ಆಹಾರವನ್ನು ತಯಾರಿಸಲಾಗದು ಎಂಬ ಅಭಿಪ್ರಾಯ ತಜ್ಞರ ನಡುವೆ ಬಲವಾಗಿತ್ತು.

ಈ ಅಭಿಪ್ರಾಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ತಾಯಿಯ ಹಾಲಿನಲ್ಲಿ ಪ್ರೋಟೀನ್ ಶೇ. 1ಕ್ಕಿಂತ ಸ್ವಲ್ಪವೇ ಹೆಚ್ಚು, ಕೊಬ್ಬು ಶೇ. 4ರ ಆಸುಪಾಸು. ಎಮ್ಮೆಯ ಹಾಲಿನಲ್ಲಿ ಪ್ರೋಟೀನ್ ಸುಮಾರು ಶೇ. 4, ಕೊಬ್ಬು ಶೇ. 7 ಅಥವಾ ಇನ್ನೂ ಹೆಚ್ಚು. ಅದು ಮಗುವಿನ ಜಠರದಲ್ಲಿ ಗಟ್ಟಿ ಗರಣೆಯಾಗಿ ಒಡೆದು ಜೀರ್ಣಕ್ಕೆ ತೊಡಕಾಗುತ್ತದೆ. ಸುಬ್ರಹ್ಮಣ್ಯನ್, ಎಂ.ಆರ್. ಚಂದ್ರಶೇಖರ, ಎಂ. ಸ್ವಾಮಿನಾಥನ್, ಡಿ.ಎಸ್. ಭಾಟಿಯಾ ಮೊದಲಾದವರ ತಂಡವು ಕೊಬ್ಬನ್ನು ತಗ್ಗಿಸಿ, ಸಕ್ಕರೆಯ ಅಂಶ, ಜೀವಸತ್ವ ಮತ್ತು ಕಬ್ಬಿಣವನ್ನು ಸೇರಿಸಿ, ಹಾಲು ಮೆದುವಾಗಿ ಒಡೆಯುವಂತೆ ಸಂಸ್ಕರಿಸುವ ಕ್ರಮವನ್ನು ರೂಪಿಸಿತು. 1960ರ ಸುಮಾರಿಗೆ ಗುಜರಾತಿನ ಆನಂದದಲ್ಲಿ ಅಮುಲ್ ಸಂಸ್ಥೆಯು ಈ ವಿಧಾನದ ಆಧಾರದ ಮೇಲೆ ಶಿಶು ಆಹಾರದ ದೊಡ್ಡ ಪ್ರಮಾಣದ ಉತ್ಪಾದನೆಗೆ ತೊಡಗಿತು. ಎಮ್ಮೆಯ ಹಾಲಿನಿಂದ ವಾಣಿಜ್ಯ ಪ್ರಮಾಣದಲ್ಲಿ ಶಿಶು ಆಹಾರ ತಯಾರಾದದ್ದು ಜಗತ್ತಿನಲ್ಲಿ ಅದೇ ಮೊದಲು.

ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಕೂಸಿಗೆ, ತಾಯಿಗೆ ಹಾಲೂಡಿಸಲಾಗದ ಕಾಯಿಲೆಯಿದ್ದಾಗ, ಈ ಪುಡಿ ಜೀವದಾನವೇ ಸರಿ. ಆದರೆ ಡಬ್ಬಿಯ ಆಹಾರಗಳಿಗೆ ಇನ್ನೊಂದು ಮುಖವೂ ಇತ್ತು. ಎದೆಹಾಲು ಸಾಕಷ್ಟಿದ್ದ ಮನೆಗಳಲ್ಲೂ ಡಬ್ಬಿ ಪ್ರತಿಷ್ಠೆಯ ವಸ್ತುವಾಯಿತು. ದುಬಾರಿಯೆಂದು ಪುಡಿಯನ್ನು ಕಡಿಮೆ ಹಾಕಿ ನೀರು ಹೆಚ್ಚು ಬೆರೆಸಿದಲ್ಲಿ ಮಗು ಸೊರಗುತ್ತಿತ್ತು. ಕುದಿಸದ ನೀರು, ತೊಳೆಯದ ಬಾಟಲಿಗಳಿಂದ ಭೇದಿ ತಗಲುತ್ತಿತ್ತು. ಮಗು ಬಾಟಲಿಗೆ ಒಗ್ಗಿ ಎದೆ ಚೀಪುವುದನ್ನು ಕಡಿಮೆ ಮಾಡಿದರೆ ತಾಯಿಯಲ್ಲಿ ಹಾಲಿನ ಉತ್ಪತ್ತಿಯೂ ಇಳಿಯುತ್ತದೆ. ಆಗ ಡಬ್ಬಿಯ ಅಗತ್ಯ ನಿಜವಾಗಿಯೇ ಹುಟ್ಟಿಕೊಳ್ಳುತ್ತದೆ. ಇಂಥ ಅನುಭವಗಳು ಜಗತ್ತಿನ ಅನೇಕ ಕಡೆ ಒದಗಿದ ಮೇಲೆ, 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಸಂಹಿತೆಯೊಂದನ್ನು ಅಂಗೀಕರಿಸಿತು. ಭಾರತದಲ್ಲಿ 1992ರ ಕಾಯಿದೆಯು ಅವುಗಳ ಜಾಹೀರಾತನ್ನು ನಿಷೇಧಿಸಿತು. ಸುಬ್ರಹ್ಮಣ್ಯನ್ ಅವರ ತಂಡದ ಸಾಧನೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕಾಗುತ್ತದೆ. ಹಾಲಿಲ್ಲದ ಮಗುವಿಗೆ ಅದು ಬೇಕಾಗಿತ್ತು. ಹಾಲಿರುವ ತಾಯಿಗೆ ಬೇಕಾಗಿದ್ದುದು ಬೇರೆಯದೇ.

ರಾಗಿ ಮತ್ತು ಎದೆಹಾಲಿನ ಜೊತೆಗಿನ ಆಹಾರ

ಆ ಬೇರೆಯದು ಏನೆಂಬುದಕ್ಕೆ ಉತ್ತರ ಮೈಸೂರಿನ ನೆರೆಯ ತಾಲ್ಲೂಕುಗಳ ಅಡುಗೆಮನೆಗಳಲ್ಲಿ ಮೊದಲಿನಿಂದಲೂ ಇತ್ತು. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಯಲುಗಳಿಗೆ ಕಾವೇರಿಯ ಹಳೆಯ ನಾಲೆಗಳೂ ಕನ್ನಂಬಾಡಿ ಕಟ್ಟೆಯ ನಾಲೆಗಳೂ ನೀರುಣಿಸಿ, ಅಲ್ಲಿ ಭತ್ತ, ಕಬ್ಬು ವಿಸ್ತರಿಸಿದವು. ಕೃಷ್ಣರಾಜಪೇಟೆ, ನಾಗಮಂಗಲಗಳ ಮಳೆಯಾಧಾರಿತ ಹೊಲಗಳಲ್ಲಿ ರಾಗಿಯೇ ಮುಖ್ಯವಾಗಿ ಉಳಿಯಿತು. ನೀರಾವರಿಯ ಊರಾಗಲಿ, ಬೆದ್ದಲಿನ ಊರಾಗಲಿ, ಕೂಸಿಗೆ ಮೊದಲ ಗಟ್ಟಿ ಆಹಾರವೆಂದರೆ ರಾಗಿ ಸರಿ. ರಾಗಿಯನ್ನು ತೊಳೆದು, ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಆರಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಸಿಗುವ ನುಣುಪು ಹಿಟ್ಟನ್ನು ನೀರಿನಲ್ಲೋ ಹಾಲಿನಲ್ಲೋ ಕದಡಿ ಕುದಿಸುತ್ತಾರೆ. ಮೊದಲಿಗೆ ಒಳಲೆಯಲ್ಲಿ ಕುಡಿಸುವಷ್ಟು ತೆಳ್ಳಗೆ, ತಿಂಗಳು ಕಳೆದಂತೆ ಬೆರಳಲ್ಲಿ ತೆಗೆದು ತಿನ್ನಿಸುವಷ್ಟು ಮಂದವಾಗಿ.

ಈ ಕ್ರಮಕ್ಕೆ ದುಡಿಮೆಯ ಲೆಕ್ಕಾಚಾರವೂ ಸೇರಿಕೊಂಡಿದೆ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ತಾಯಿ ಬೆಳಗ್ಗೆ ಎದೆಯೂಡಿಸಿ ಗದ್ದೆಗೆ ಇಳಿದರೆ ಮಧ್ಯಾಹ್ನದವರೆಗೆ ಕೂಸು ಅಜ್ಜಿಯ ಬಳಿ. ಆ ನಡುವಿನ ಹಸಿವಿಗೆ ಸರಿ. ತಾಯಿ ಮರಳಿದ ಮೇಲೆ ಮತ್ತೆ ಎದೆಹಾಲು. ಹೀಗೆ ಒಂದರ ಜಾಗವನ್ನು ಇನ್ನೊಂದು ಕಸಿಯದೆ ಎರಡೂ ಸಾಗುತ್ತವೆ. ಈಗಿನ ವೈದ್ಯಕೀಯ ಸಲಹೆಯೂ ಇದಕ್ಕೆ ಹತ್ತಿರವಿದೆ: ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಆ ಬಳಿಕ ಎದೆಹಾಲನ್ನು ಮುಂದುವರಿಸುತ್ತಲೇ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತನೆಯ ತಿಂಗಳಿನಿಂದ ಮೂರು ನಾಲ್ಕು ಸಲ ಪೂರಕ ಆಹಾರ, ಎದೆಹಾಲು ಎರಡು ವರ್ಷ ಅಥವಾ ಅದಕ್ಕೂ ಮೀರಿ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಬೇಕಾದ ಶಕ್ತಿಯ ಅರ್ಧದಷ್ಟನ್ನು, ಎರಡನೆಯ ವರ್ಷದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ತಾಯಿಯ ಹಾಲೇ ಒದಗಿಸಬಲ್ಲದು. ಹಿಂದೆ ಅನೇಕ ಮನೆಗಳಲ್ಲಿ ಮೂರು ನಾಲ್ಕನೆಯ ತಿಂಗಳಿಗೇ ಸರಿ ತಿನ್ನಿಸಲು ತೊಡಗುತ್ತಿದ್ದರು. ಅಷ್ಟು ಬೇಗ ತೊಡಗಬಾರದು ಎಂಬುದಷ್ಟೇ ಈಗಿನ ಸಲಹೆಯ ಮುಖ್ಯ ತಿದ್ದುಪಡಿ.

ಸುಬ್ರಹ್ಮಣ್ಯನ್ ರಾಗಿಯನ್ನು ಕಡೆಗಣಿಸಿದವರಲ್ಲ. ಎಂ. ನಾರಾಯಣ ರಾವ್, ಜಿ. ರಾಮರಾವ್, ಎಂ. ಸ್ವಾಮಿನಾಥನ್ ಅವರೊಂದಿಗೆ 1955ರಲ್ಲಿ ಬ್ರಿಟಿಷ್ ಪೋಷಣಾ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ರಾಗಿಯನ್ನೊಳಗೊಂಡ ಬಡ ಸಸ್ಯಾಹಾರದಲ್ಲಿ ವಯಸ್ಕರ ದೇಹಕ್ಕೆ ಸಾರಜನಕ, ಸುಣ್ಣ ಮತ್ತು ರಂಜಕ ಹೇಗೆ ದಕ್ಕುತ್ತವೆ ಎಂಬುದನ್ನು ಪರಿಶೀಲಿಸಿತ್ತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚಿನ ಸುಣ್ಣದ ಅಂಶವಿದ್ದು, ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ರಾಗಿಯ ಮೇಲಿನ ಬಡವರ ಅನ್ನವೆಂಬ ತಾತ್ಸಾರಕ್ಕೆ ಪ್ರಯೋಗಾಲಯದಿಂದ ಬಂದ ಉತ್ತರಗಳಲ್ಲಿ ಇದೂ ಒಂದು.

ಸರಿಗೆ ಮೊಳಕೆ ಏಕೆ ಬೇಕು ಎಂಬ ಪ್ರಶ್ನೆಗೆ ಪೂರ್ಣ ವಿವರಣೆ ದೊರೆತದ್ದು ಅವರ ಮರಣಾನಂತರ. ಮೊಳಕೆ ಬರಿಸದ ಹಿಟ್ಟು ಕುದಿಯುವಾಗ ನೀರನ್ನು ಹೀರಿ ಉಬ್ಬುತ್ತದೆ. ಸ್ವಲ್ಪ ಹಿಟ್ಟಿಗೇ ಗಂಜಿ ಗಟ್ಟಿಯಾಗುವುದರಿಂದ ನೀರು ಬೆರೆಸಿ ತೆಳುಗೊಳಿಸುತ್ತಾರೆ. ಮಗುವಿನ ಪುಟ್ಟ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದು ಅಲ್ಪ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಅಷ್ಟೇ ತೆಳುವಾದ ಸರಿಯಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಸುಬ್ರಹ್ಮಣ್ಯನ್ ಅವರ ಬಳಿ ಸೋಯಾ ಹಾಲಿನ ಕೆಲಸ ಮಾಡಿದ್ದ ದೇಶಿಕಾಚಾರ್, ಎನ್.ಜಿ. ಮಲ್ಲೇಶಿ ಅವರೊಂದಿಗೆ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶುಗಳ ಪೂರಕ ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ರಾಗಿಯ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸಿನ್ ಅನ್ನು ಹೆಸರುಕಾಳು ತುಂಬಿಕೊಡುತ್ತದೆ. ಅಜ್ಜಿಯರ ಸರಿಗೆ ಸೇರಬೇಕಾಗಿದ್ದುದು ಇದೇ, ಒಂದು ಹಿಡಿ ಬೇಳೆ.

ನಂತರದ ವರ್ಷಗಳು

1960ರಲ್ಲಿ ಭಾರತ ಸರ್ಕಾರವು ಸುಬ್ರಹ್ಮಣ್ಯನ್ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 1963ರಲ್ಲಿ ಅವರು ಮೈಸೂರಿನ ಸಂಸ್ಥೆಯಿಂದ ನಿವೃತ್ತರಾದರು; ಎಚ್.ಎ.ಬಿ. ಪಾರ್ಪಿಯಾ ಅವರ ಉತ್ತರಾಧಿಕಾರಿಯಾದರು. ಮುಂದೆ ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ ಭತ್ತದ ಸಂಸ್ಕರಣೆಯ ಕಡೆಗೆ ಅವರು ಗಮನ ಹರಿಸಿದರು. 1967ರಲ್ಲಿ ತಿರುವಾರೂರಿನಲ್ಲಿ ಆರಂಭವಾದ ಭತ್ತ ಸಂಸ್ಕರಣಾ ಸಂಶೋಧನಾ ಕೇಂದ್ರವು ಅವರ ಮಾರ್ಗದರ್ಶನದಲ್ಲಿ ಬೆಳೆದು, ಅನಂತರ ತಂಜಾವೂರಿಗೆ ಸ್ಥಳಾಂತರಗೊಂಡಿತು. ನೀರು ನಿಂತ ಗದ್ದೆಯ ಮಣ್ಣಿನಿಂದ ಸಂಶೋಧನೆಯನ್ನು ಆರಂಭಿಸಿದ್ದ ಅವರು ಕೊನೆಯ ವರ್ಷಗಳಲ್ಲಿ ಮರಳಿ ಭತ್ತದ ಬಳಿಗೇ ಬಂದಿದ್ದರು. 1979ರಲ್ಲಿ ನಿಧನರಾದರು.