ಹಳ್ಳಿಯ ಶಾಲೆಗೆ ಬಾನಿನಿಂದ ಇಳಿದ ಪಾಠ: ಡಾ. ವಿಕ್ರಂ ಸಾರಾಭಾಯಿ

ಬೆಂಗಳೂರಿನ ವಿಮಾನಪುರವೆಂದೊಡನೆ ಜನರಿಗೆ ನೆನಪಾಗುವುದು 1940ರಲ್ಲಿ ಸ್ಥಾಪನೆಗೊಂಡ ವಿಮಾನ ಕಾರ್ಖಾನೆ. ಅದೇ ವಿಮಾನಪುರದಲ್ಲಿ ಭಾರತದ ಉಪಗ್ರಹಗಳು ರೂಪುಗೊಳ್ಳುವ ಕೇಂದ್ರವೂ ಇದೆ. ಇಂದು ಅದು ಉಡುಪಿ ಸೀಮೆಯಲ್ಲಿ ಜನಿಸಿದ ವಿಜ್ಞಾನಿ ಯು. ಆರ್. ರಾವ್ ಅವರ ಹೆಸರನ್ನು ಹೊತ್ತಿದೆ. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಸಿದ್ಧವಾದುದು ಈ ಕೇಂದ್ರದಲ್ಲಿ. 2004ರ ಸೆಪ್ಟೆಂಬರ್ 20ರಂದು ಅದು ಬಾನಿಗೇರಿತು. ಆದರೆ ಅದರ ಹಿಂದಿನ ಸಂಕಲ್ಪ ಅದಕ್ಕಿಂತ ಬಹಳ ಹಳೆಯದು. ಶಾಲೆಯ ಗೋಡೆಯಾಚೆಗೂ, ದಾರಿಯಿಲ್ಲದ ಹಳ್ಳಿಗೂ ಅರಿವು ತಲುಪಬೇಕೆಂಬ ಆ ಸಂಕಲ್ಪವನ್ನು ತೊಟ್ಟವರು ಡಾ. ವಿಕ್ರಂ ಸಾರಾಭಾಯಿ. ಅಕ್ಷರ ದಾಸೋಹವನ್ನು ಧರ್ಮವೆಂದೇ ನಂಬಿರುವ ನಾವು ಈ ಮಹನೀಯರ ಬದುಕನ್ನು ಅರಿಯುವುದು ಉಚಿತವಾಗಿದೆ.

ವಿಕ್ರಂ ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಸಿರಿವಂತ ಜೈನ ಮನೆತನದಲ್ಲಿ ಜನಿಸಿದರು. ತಂದೆ ಅಂಬಾಲಾಲರು ಬಟ್ಟೆ ಗಿರಣಿಗಳ ಒಡೆಯರು. ತಾಯಿ ಸರಳಾದೇವಿಯವರು ತಮ್ಮ ಎಂಟು ಮಕ್ಕಳಿಗಾಗಿ ಮನೆಯಲ್ಲಿಯೇ ಮಾಂಟೆಸ್ಸರಿ ಪದ್ಧತಿಯ ಶಾಲೆಯೊಂದನ್ನು ನಡೆಸಿದರು. ಹೀಗೆ ಬಾಲಕ ವಿಕ್ರಮರ ಕಲಿಕೆ ಆರಂಭವಾದುದೇ ರೂಢಿಯ ತರಗತಿಯ ಹೊರಗೆ. ಅವರಿಗೆ ಆ ಭಾಗ್ಯವನ್ನು ತಂದುಕೊಟ್ಟದ್ದು ತಂದೆಯ ಸಂಪತ್ತು. ಸಂಪತ್ತಿಲ್ಲದ ಮನೆಯ ಮಗುವಿಗೂ ಅದು ದೊರೆಯುವ ಬಗೆಯನ್ನು ಅವರು ಮುಂದೆ ಹುಡುಕಿದರು.

ಉನ್ನತ ವ್ಯಾಸಂಗಕ್ಕೆ ಕೇಂಬ್ರಿಜ್‌ಗೆ ತೆರಳಿದ್ದ ಅವರು ಎರಡನೆಯ ಮಹಾಯುದ್ಧದ ಕಾರಣ ಸ್ವದೇಶಕ್ಕೆ ಮರಳಿದರು. ಆಗ ಅವರಿಗೆ ಆಶ್ರಯವಿತ್ತುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಅವರು ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. 1942ರಲ್ಲಿ ನೃತ್ಯ ಕಲಾವಿದೆ ಮೃಣಾಲಿನಿಯವರನ್ನು ವಿವಾಹವಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ, 1947ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಅದೇ ವರ್ಷ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಸ್ಥಾಪಿಸಿದರು. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಕಡಲತೀರದ ಊರಿನಿಂದ ಮೊದಲ ರಾಕೆಟ್ ಹಾರಿದುದು ಅವರ ನೇತೃತ್ವದಲ್ಲಿ. 1966ರಲ್ಲಿ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. 1969ರ ಆಗಸ್ಟ್ 15ರಂದು ಇಸ್ರೋ ಜನ್ಮ ತಾಳಿತು.

ಬಡ ದೇಶಕ್ಕೆ ಬಾಹ್ಯಾಕಾಶವೇಕೆ ಎಂದು ಅಂದು ಅನೇಕರು ಆಕ್ಷೇಪಿಸಿದರು. ಬಡವನ ಬದುಕಿಗೆ ನೇರವಾಗಿ ಒದಗದ ವಿಜ್ಞಾನ ಸಾರ್ಥಕವಲ್ಲವೆಂಬುದೇ ಸಾರಾಭಾಯಿ ಅವರ ನಿಲುವಾಗಿತ್ತು. ಶಿಕ್ಷಕರ, ಶಾಲೆಗಳ, ರಸ್ತೆಗಳ ಕೊರತೆ ನೀಗುವವರೆಗೆ ಒಂದಿಡೀ ತಲೆಮಾರು ಕಾಯುತ್ತ ಕೂರಬೇಕಿಲ್ಲ, ಉಪಗ್ರಹದ ಮೂಲಕ ಏಕಕಾಲಕ್ಕೆ ಸಾವಿರಾರು ಹಳ್ಳಿಗಳಿಗೆ ಪಾಠವನ್ನು ತಲುಪಿಸಬಹುದೆಂದು ಅವರು ಮನಗಂಡರು. ಟೆಲಿವಿಷನ್ ಮೊದಲು ನಗರಗಳಿಗೆ ಬಂದು ಕೊನೆಗೆ ಹಳ್ಳಿಗೆ ಹೋಗುವ ಕ್ರಮವನ್ನು ಅವರು ಒಪ್ಪಲಿಲ್ಲ. 1967ರಲ್ಲಿ ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ಸಾಮೂಹಿಕ ಟೆಲಿವಿಷನ್‌ಗಳನ್ನಿರಿಸಿ ಕೃಷಿ ದರ್ಶನ ಕಾರ್ಯಕ್ರಮವನ್ನು ತೋರಿಸಲಾಯಿತು. 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾದೊಡನೆ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಉಪಗ್ರಹ ಅವರದು. ಹಳ್ಳಿಯ ಉಪಕರಣಗಳೂ ಕಾರ್ಯಕ್ರಮಗಳೂ ನಮ್ಮವು.

ಈ ಯೋಜನೆಯ ಒಳಹುರುಳನ್ನು ನಾವು ವಿಶೇಷವಾಗಿ ಗಮನಿಸಬೇಕು. ಉಪಗ್ರಹ ದುರ್ಬಲವಾಗಿದ್ದರೆ ನೆಲದ ಮೇಲಿನ ಉಪಕರಣ ದೊಡ್ಡದೂ ದುಬಾರಿಯೂ ಆಗುತ್ತದೆ. ಉಪಗ್ರಹ ಬಲಶಾಲಿಯಾಗಿದ್ದರೆ ನೆಲದ ಉಪಕರಣ ಸರಳವಾಗುತ್ತದೆ. ಆದುದರಿಂದ ಭಾರವನ್ನೆಲ್ಲ ಬಾನಿನಲ್ಲಿರುವ ಒಂದೇ ಯಂತ್ರಕ್ಕೆ ಹೊರಿಸಿ, ಹಳ್ಳಿಯ ಹೊರೆಯನ್ನು ಹಗುರಗೊಳಿಸಲಾಯಿತು. ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯಿಂದ ಸುಮಾರು 3 ಮೀಟರ್ ಅಗಲದ ಆಂಟೆನಾ ಸಿದ್ಧವಾಯಿತು. ಊರಿಗೊಂದೇ ಟೆಲಿವಿಷನ್, ಅದೂ ಶಾಲೆಯಂಥ ಸಾರ್ವಜನಿಕ ಸ್ಥಳದಲ್ಲಿ. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯೇ ಆಧಾರ. ಉಳ್ಳವನು ಹೆಚ್ಚು ಹೊತ್ತು, ಇಲ್ಲದವನ ಹೊರೆಯನ್ನು ಇಳಿಸುವುದು ಶರಣರು ಕಲಿಸಿದ ದಾಸೋಹದ ನೀತಿ. ಯಂತ್ರದ ರಚನೆಯಲ್ಲಿಯೂ ಆ ನೀತಿ ನೆಲೆಗೊಂಡುದನ್ನು ನಾವು ಇಲ್ಲಿ ಕಾಣುತ್ತೇವೆ.

ಇದನ್ನು ಕಣ್ಣಾರೆ ಕಾಣುವ ಭಾಗ್ಯ ಸಾರಾಭಾಯಿ ಅವರಿಗಿರಲಿಲ್ಲ. 1971ರ ಡಿಸೆಂಬರ್ ಕೊನೆಯಲ್ಲಿ ಕೋವಳಂನಲ್ಲಿ ತಂಗಿದ್ದಾಗ ಅವರು ನಿದ್ರೆಯಲ್ಲಿಯೇ ಇಹಲೋಕ ತ್ಯಜಿಸಿದರು. ಆಗ ಅವರಿಗೆ ಕೇವಲ 52 ವರ್ಷ. ಸಂಕಲ್ಪ ಮಾತ್ರ ಅಳಿಯಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬಾನಿನಿಂದ ಪಾಠ ಇಳಿಯಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಬಸವಣ್ಣನವರು ಜನಿಸಿದ ಬಾಗೇವಾಡಿ, ಅವರು ಐಕ್ಯರಾದ ಕೂಡಲಸಂಗಮ ಎರಡೂ ಅಂದು ಬಿಜಾಪುರ ಜಿಲ್ಲೆಗೇ ಸೇರಿದ್ದವು. ಮುಂಜಾನೆ ಮಕ್ಕಳಿಗೆ, ಸಂಜೆ ಹಿರಿಯರಿಗೆ, ಕೃಷಿ, ಆರೋಗ್ಯ, ವಿಜ್ಞಾನದ ವಿಷಯಗಳು ಕನ್ನಡದಲ್ಲಿಯೇ ಪ್ರಸಾರವಾದವು. ಯಂತ್ರವೊಂದೇ ಗುರುವಾಗಲಾರದೆಂಬ ತಿಳಿವಿನಿಂದ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಇದೇ ಮಾರ್ಗದಲ್ಲಿ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು.

ವರ್ಷ ಮುಗಿಯಿತು, ಎರವಲು ಉಪಗ್ರಹ ತನ್ನ ಒಡೆಯರ ಕಡೆಗೆ ಸರಿಯಿತು. ಅನೇಕ ಹಳ್ಳಿಗಳ ಪರದೆ ಬರಿದಾಯಿತು. ಮುಂದೆ ಟೆಲಿವಿಷನ್ ಮನೆಮನೆಗೆ ಬಂದಿತಾದರೂ ಪಾಠಕ್ಕಿಂತ ಮನರಂಜನೆಯೂ ಜಾಹೀರಾತೂ ಮೇಲುಗೈ ಪಡೆದವು. ಎರವಲು ತಂದ ಬೆಳಕು ನಿಲ್ಲದೆಂಬ ಪಾಠವನ್ನು ದೇಶ ಕಲಿಯಿತು. ವಿಮಾನಪುರದಲ್ಲಿ ನಮ್ಮವರೇ ಕಟ್ಟಿದ ಎಜುಸ್ಯಾಟ್ ಆ ಪಾಠದ ಫಲ. ಅದರ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠಗಳು ತಲುಪಿದವು.

ಇಂದು ಅಂಗೈಯಗಲದ ಮೊಬೈಲ್ ಅಂದಿನ ಎಲ್ಲ ಉಪಕರಣಗಳಿಗಿಂತ ಸಮರ್ಥವಾಗಿದೆ. ಆದರೂ 2020ರಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲ್ ಇಲ್ಲದ ಮನೆಯ ಮಗು ಪಾಠದಿಂದ ಹೊರಗುಳಿಯಿತು. ಆಗ ವಿದ್ಯಾಗಮ ಯೋಜನೆಯಡಿ ಶಿಕ್ಷಕರೇ ಊರಿನ ಗುಡಿ, ಮರದ ನೆರಳುಗಳನ್ನರಸಿ ಮಕ್ಕಳ ಬಳಿಗೆ ನಡೆದರು. ಅಗ್ಗದ ಯಂತ್ರ ತಾನಾಗಿಯೇ ಸಮಾನತೆಯನ್ನು ತಾರದು. ಊರಿಗೊಂದೇ ಪರದೆಯಿದ್ದಾಗ ಎಲ್ಲ ಮಕ್ಕಳೂ ಒಟ್ಟಿಗೆ ಕುಳಿತು ನೋಡಿದರು. ಕೈಗೊಂದು ಪರದೆ ಬಂದಾಗ ಕೈ ಬರಿದಾದ ಮಗು ಒಂಟಿಯಾಯಿತು.

ಪ್ರಸಾದ ನಿಲಯಗಳಲ್ಲಿ ಒಂದೇ ಪಂಕ್ತಿಯಲ್ಲಿ ಅನ್ನವನ್ನು ಬಡಿಸಿದ ಪರಂಪರೆ ನಮ್ಮದು. ಅರಿವೂ ಅದೇ ಪಂಕ್ತಿಯಲ್ಲಿ ಸಲ್ಲಬೇಕು. ನಮ್ಮ ಊರಿನ ಮಠ, ಸಮುದಾಯ ಭವನ, ಶಾಲೆಗಳಲ್ಲಿ ಸಂಜೆಯ ಹೊತ್ತು ಒಂದು ಪರದೆ, ಅದರ ಪಕ್ಕದಲ್ಲಿ ವಿವರಿಸಿ ಹೇಳುವ ಒಬ್ಬ ಓದಿದ ಯುವಕ ಅಥವಾ ಯುವತಿ ಇದ್ದರೆ ಅದೇ ಸಾರಾಭಾಯಿ ಅವರಿಗೆ ಸಲ್ಲುವ ನಿಜವಾದ ಗೌರವ. ಸದ್ಭಕ್ತರು ಇದನ್ನು ಕಾಯಕವೆಂದು ಕೈಗೆತ್ತಿಕೊಳ್ಳಲೆಂದು ನಾವು ಹಾರೈಸುತ್ತೇವೆ.